ಕುಚ್ಚಲಕ್ಕಿಯಲ್ಲಿ ಬೆಳೆಸಿದ ಹಸಿರು ಬೂಷ್ಟು, ಗೊಬ್ಬರ ಗುಂಡಿಯ ಕುರುವಾಯಿ ಹುಳು

ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ತೋಟ. 42 ತೆಂಗಿನ ಮರ, ಸ್ವಲ್ಪ ಅಡಿಕೆ, ಗುಡ್ಡೆಯ ಬದಿಗೆ ಎಂಟ್ಹತ್ತು ಗೇರು. ಹಟ್ಟಿಯಲ್ಲಿ ಎರಡು ದನ. ಕಳೆದ ವರ್ಷ ಮಾರ್ಚಿನಲ್ಲಿ ಕಾಯಿ ತೆಗೆಯುವ ಅಣ್ಣ ಮರದಿಂದ ಇಳಿದವರೇ ಹೇಳಿದರು: "ಕುರುವಾಯಿ ಜಾಸ್ತಿ ಆಗಿದೆ ನೋಡಿ. ಗರಿ ಎಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಉಂಟು." ಆ ಸಂಜೆ ಒಂದೊಂದೇ ಮರದ ಬುಡದಲ್ಲಿ ನಿಂತು ಮೇಲೆ ನೋಡಿದೆ. 42ರಲ್ಲಿ 27 ಮರಗಳ ಗರಿಗಳು ಬೀಸಣಿಗೆಯ ಆಕಾರಕ್ಕೆ ಕತ್ತರಿಸಿದ್ದವು. ನಾಲ್ಕು ವರ್ಷದ ಎರಡು ಸಸಿಗಳ ಸುಳಿಯೇ ವಾಲಿತ್ತು.

ಕುರುವಾಯಿ ಅಂದರೆ ತಲೆಯ ಮೇಲೆ ಕೊಂಬಿರುವ ಆ ಕಪ್ಪು ದುಂಬಿ. ಇನ್ನೂ ಬಿಚ್ಚಿಕೊಳ್ಳದ ಸುಳಿಯನ್ನು ಕೊರೆದು ಒಳಗಿನ ಎಳೆಯ ಭಾಗ ತಿನ್ನುತ್ತದೆ. ಮಡಚಿಟ್ಟ ಕಾಗದಕ್ಕೆ ತೂತು ಹಾಕಿ ಬಿಚ್ಚಿದರೆ ಹೇಗೆ ಸಾಲು ಸಾಲಾಗಿ ಕಾಣುತ್ತದೋ, ಗರಿ ಬಿಚ್ಚಿದಾಗ ಹಾಗೆಯೇ ಕಾಣುತ್ತದೆ. ಗರಿ ಹೋದರೆ ಹೇಗೋ ಸಹಿಸಬಹುದು. ಆದರೆ ಅದು ಕೊರೆದ ಗಾಯಕ್ಕೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಟ್ಟರೆ ಮರವೇ ಹೋಗುತ್ತದೆ. ನನಗೆ ನಿದ್ದೆ ಕೆಡಿಸಿದ್ದು ಅದು.

ಅಪ್ಪ ಇದ್ದಾಗ ಕಬ್ಬಿಣದ ಕೊಕ್ಕೆ ಹಾಕಿ ದುಂಬಿಯನ್ನು ಎಳೆದು ತೆಗೆಸುತ್ತಿದ್ದರು. ಗರಿಯ ಬುಡದ ಸಂದಿಗೆ ನುಸಿ ಗುಳಿಗೆ ಇಟ್ಟು ಮರಳು ಮುಚ್ಚುವುದು, ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ತುಂಬುವುದು, ಇದೆಲ್ಲ ಈಗಲೂ ಮಾಡಬೇಕಾದ ಕೆಲಸವೇ. ಸಸಿಗಳಿಗೆ ನಾನೂ ಮಾಡುತ್ತೇನೆ. ಆದರೆ 50 ಅಡಿ ಎತ್ತರದ ಮರಕ್ಕೆ ಒಂದೂವರೆ ತಿಂಗಳಿಗೊಮ್ಮೆ ಜನ ಹತ್ತಿಸುವುದು ನಮ್ಮಂಥವರಿಂದ ಆಗದ ಮಾತು. ಅಲ್ಲದೆ ದುಂಬಿ ಮರಕ್ಕೆ ಬರುವುದು ಊಟಕ್ಕೆ ಮಾತ್ರ. ಅದು ಹುಟ್ಟಿ ಬೆಳೆಯುವುದು ನೆಲದಲ್ಲಿ. ಮರುದಿನ ಹಾರೆ ಹಿಡಿದು ಹಟ್ಟಿಗೊಬ್ಬರದ ಗುಂಡಿಗೆ ಇಳಿದೆ. ಒಂದು ಬುಟ್ಟಿ ಗೊಬ್ಬರ ತೆಗೆದದ್ದಕ್ಕೆ ಒಂಬತ್ತು ಹುಳು ಸಿಕ್ಕಿದವು. ಹೆಬ್ಬೆರಳಿನ ಗಾತ್ರದ ಬಿಳಿ ಹುಳುಗಳು, ಕಂದು ತಲೆ, ಬಾಗಿ ಸುರುಟಿಕೊಂಡು ಮಲಗಿದ್ದವು. ಮರಕ್ಕೆ ಬರುವ ಶತ್ರುವನ್ನು ನಾವೇ ಹಟ್ಟಿಯ ಹಿಂದೆ ಸಾಕಿದ್ದೆವು.

ಹುಳುವನ್ನು ಶಿಲೀಂಧ್ರದಿಂದ, ಅಂದರೆ ಒಂದು ಬಗೆಯ ಬೂಷ್ಟಿನಿಂದ, ಕೊಲ್ಲುವ ಯೋಚನೆ ಬಂದದ್ದು ಚಿಕ್ಕಪ್ಪನಿಂದ. ಅವರು ನೀಲಗಿರಿಯ ಚಹಾ ತೋಟದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಚಹಾ ಚಿಗುರನ್ನು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಕೀಳುತ್ತಾರೆ. ಇಂದು ವಿಷ ಹೊಡೆದರೆ ಮುಂದಿನ ವಾರ ಅದು ಲೋಟಕ್ಕೆ ಬರುತ್ತದೆ. ಹಾಗಾಗಿ ಅಲ್ಲಿ ಚಹಾ ಸೊಳ್ಳೆಗೆ ಬ್ಯೂವೇರಿಯಾ ಎಂಬ ಬಿಳಿ ಶಿಲೀಂಧ್ರವನ್ನೂ ಸಿಂಪಡಿಸುತ್ತಾರೆ ಅಂತ ಅವರು ಹೇಳುತ್ತಿದ್ದರು. ಚಹಾ ಸೊಳ್ಳೆ ಅಂದರೆ ಸೊಳ್ಳೆಯಲ್ಲ, ಚಿಗುರಿನ ರಸ ಹೀರುವ ತಿಗಣೆ. ನಮ್ಮ ಗೇರಿನ ಚಿಗುರು ಮತ್ತು ಹೂವನ್ನು ಸುಟ್ಟ ಹಾಗೆ ಮಾಡುವುದು ಅದೇ ಕುಟುಂಬದ್ದು. ಮೊದಲು ಗೇರಿನ ಮೇಲೆಯೇ ಮಾಡಿ ನೋಡೋಣ ಅನ್ನಿಸಿತ್ತು. ಆದರೆ ಗೇರು ಚಿಗುರುವುದು ಮಳೆ ನಿಂತ ಮೇಲೆ. ಆಗ ಬಿಸಿಲು ಜೋರು. ಶಿಲೀಂಧ್ರದ ಬೀಜಕಣಕ್ಕೆ ನೇರ ಬಿಸಿಲು ಆಗುವುದಿಲ್ಲ, ತೇವ ಬೇಕು. ಮಂಜು, ನೆರಳು ಇರುವ ಚಹಾ ಬೆಟ್ಟಕ್ಕೂ ನಮ್ಮ ಡಿಸೆಂಬರಿನ ಗುಡ್ಡೆಗೂ ಹೋಲಿಕೆ ಇಲ್ಲ. ಗೊಬ್ಬರ ಗುಂಡಿಯಾದರೆ ಹಾಗಲ್ಲ. ಕತ್ತಲೆ ಇದೆ, ತೇವ ಇದೆ, ಹುಳು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕುರುವಾಯಿಗೆ ಬೇಕಾದದ್ದು ಮೆಟಾರೈಝಿಯಂ, ಹಸಿರು ಶಿಲೀಂಧ್ರ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದನ್ನು ಗೊಬ್ಬರ ಗುಂಡಿಗೆ ಹಾಕಲು ಹೇಳುತ್ತ ಬಂದಿದ್ದಾರೆ. ಇದು ಹೊಸ ಕಥೆಯೂ ಅಲ್ಲ. 1879ರಲ್ಲೇ ಒಡೆಸ್ಸಾದ ಕಡೆ ಗೋಧಿ ತಿನ್ನುವ ಒಂದು ದುಂಬಿಯ ಮೇಲೆ ಮೆಚ್ನಿಕಾಫ್ ಎಂಬ ವಿಜ್ಞಾನಿ ಇದನ್ನು ಪ್ರಯೋಗ ಮಾಡಿದ್ದರು. ಮುಂದೆ 1908ರಲ್ಲಿ ಬೇರೆ ಸಂಶೋಧನೆಗೆ ನೊಬೆಲ್ ಪಡೆದವರೂ ಅವರೇ. ರೇಷ್ಮೆ ಸಾಕುವವರಿಗೆ ಇದರ ಜಾತಿಯ ಪರಿಚಯ ಚೆನ್ನಾಗಿ ಇರುತ್ತದೆ. ಸುಣ್ಣಕಟ್ಟು ರೋಗ ತರುವುದು ಬ್ಯೂವೇರಿಯಾ. ಹಾಗಾಗಿ ಹಿಪ್ಪುನೇರಳೆ ಬೆಳೆಯುವ ಊರಿನವರು ಇಂಥ ಯಾವ ಶಿಲೀಂಧ್ರವನ್ನೂ ಸುಮ್ನೆ ತಂದು ಸಿಂಪಡಿಸಬೇಡಿ.

ಇದು ಕೆಲಸ ಮಾಡುವ ರೀತಿ ನನಗೆ ತುಂಬ ಇಷ್ಟವಾಯಿತು. ಹುಳು ಇದನ್ನು ತಿನ್ನಬೇಕಾಗಿಲ್ಲ. ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿದರೆ ಸಾಕು. ತೇವ ಇದ್ದರೆ ಸುಮಾರು ಒಂದು ದಿನದಲ್ಲಿ ಮೊಳಕೆ ಬರುತ್ತದೆ. ಮೊಳಕೆಯ ತುದಿ ಚರ್ಮಕ್ಕೆ ಒತ್ತಿ ಕೂತು, ಚರ್ಮ ಕರಗಿಸುವ ರಸ ಬಿಟ್ಟು ಒಳಗೆ ಇಳಿಯುತ್ತದೆ. ಒಳಗೆ ರಕ್ತದಲ್ಲೇ ಬೆಳೆದು ಹುಳುವನ್ನು ಕೊಲ್ಲುತ್ತದೆ. ಸತ್ತ ಹುಳು ಕೊಳೆಯುವುದಿಲ್ಲ, ಗಟ್ಟಿಯಾಗುತ್ತದೆ. ಮೊದಲು ಮೈಮೇಲೆ ಬಿಳಿ ಬರುತ್ತದೆ, ಆಮೇಲೆ ಅದು ಹಸಿರಾಗುತ್ತದೆ. ಆ ಹಸಿರು ಪುಡಿಯೇ ಮುಂದಿನ ಹುಳುವಿಗೆ ಬೀಜ.

ಮಂಗಳೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಕಲಿಸುವ ಗೆಳತಿಯೊಬ್ಬಳು ಎರಡು ಗಾಜಿನ ಕೊಳವೆಯಲ್ಲಿ ತಾಯಿ ಶಿಲೀಂಧ್ರ ಕೊಟ್ಟಳು. ತಂದದ್ದು ಬಿಸು (ಎಪ್ರಿಲ್ ನಡುವಿನ ತುಳು ಹೊಸ ವರ್ಷ) ಕಳೆದ ಮರುದಿನ. ಕೊಡುವಾಗ ಅವಳು ಹೇಳಿದ ಮಾತು ಒಂದೇ: "ಇದನ್ನು ಔಷಧಿ ಅಂತ ನೋಡಬೇಡ. ಮೊಸರಿನ ಹೆಪ್ಪು ಅಂತ ನೋಡು. ಸತ್ತರೆ ಮುಗೀತು."

ಬೆಳೆಸಲು ಅಕ್ಕಿ ಬೇಕು. ಮೊದಲ ಸಲ ಮನೆಯಲ್ಲಿದ್ದ ಬೆಳ್ತಿಗೆ ಅಕ್ಕಿ (ಕುಚ್ಚದ ಬಿಳಿ ಅಕ್ಕಿ) ತೆಗೆದುಕೊಂಡೆ. ಅರ್ಧ ಬೇಯಿಸಿ, ಚೀಲಕ್ಕೆ ತುಂಬಿ, ಕುಕ್ಕರಿನಲ್ಲಿ ಇಟ್ಟೆ. ಹೊರಗೆ ಬಂದದ್ದು ಅಂಟು ಮುದ್ದೆ. ಮುದ್ದೆಯ ಒಳಗೆ ಗಾಳಿ ಹೋಗುವುದಿಲ್ಲ, ಶಿಲೀಂಧ್ರಕ್ಕೆ ಗಾಳಿ ಬೇಕು. ನಾಲ್ಕನೇ ದಿನಕ್ಕೆ ನಾಲ್ಕೂ ಚೀಲದಲ್ಲಿ ಹುಳಿ ವಾಸನೆ, ತಳದಲ್ಲಿ ನೀರು. ಎಲ್ಲವನ್ನೂ ಕುದಿಸಿ ಹೂತುಬಿಟ್ಟೆ.

ಅಮ್ಮ ನೋಡುತ್ತಲೇ ಇದ್ದರು. "ಎಂತ ಮಾರಾಯ ಇದು? ಅಕ್ಕಿ ಉದುರುದುರು ಇರಬೇಕಾದರೆ ಕುಚ್ಚಲಕ್ಕಿ ಹಾಕು" ಅಂದರು. ಇಡೀ ಕೆಲಸಕ್ಕೆ ತಿರುವು ಕೊಟ್ಟದ್ದು ಆ ಮಾತು. ಕುಚ್ಚಲಕ್ಕಿಯನ್ನು ಗಿರಣಿಗೆ ಮೊದಲೇ ಬೇಯಿಸಿ ಒಣಗಿಸಿರುತ್ತಾರೆ, ಹಾಗಾಗಿ ಮತ್ತೆ ಬೇಯಿಸಿದಾಗ ಕಾಳಿಗೆ ಕಾಳು ಅಂಟುವುದು ಕಡಿಮೆ. ಎರಡು ಗಂಟೆ ನೆನೆಸಿ, ಹತ್ತು ನಿಮಿಷ ಕುದಿಸಿ, ತೆಳಿ ಬಸಿದು, ಬಟ್ಟೆಯ ಮೇಲೆ ಹರಡಿ ಮೇಲಿನ ನೀರು ಆರಿಸಿದೆ. ಕಾಳನ್ನು ಬೆರಳಲ್ಲಿ ಒತ್ತಿದರೆ ನಡುವೆ ಬಿಳಿ ಚುಕ್ಕೆ ಉಳಿದಿರಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು. ಈ ಹದ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಚೀಲದ ವಿಷಯ. ಸಾಮಾನ್ಯ ಪ್ಲಾಸ್ಟಿಕ್ ಕವರ್ ಕುಕ್ಕರಿನ ಬಿಸಿಗೆ ಕರಗುತ್ತದೆ. ಅಣಬೆ ಬೆಳೆಸುವವರು ಬಳಸುವ, ಬಿಸಿ ತಡೆಯುವ ಪಿಪಿ (ಪಾಲಿಪ್ರೊಪಿಲೀನ್) ಚೀಲ ಬೇಕು. ಒಂದೊಂದಕ್ಕೆ 200 ಗ್ರಾಂ ಒಣ ಅಕ್ಕಿಯ ಲೆಕ್ಕದಲ್ಲಿ ತುಂಬಿದೆ. ಅದು ಬೆಂದಾಗ 300 ಗ್ರಾಂ ಆಸುಪಾಸು ಆಗುತ್ತದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಒಂದೂವರೆ ಇಂಚು ಉದ್ದದ ತುಂಡು ಮಾಡಿ, ಚೀಲದ ಬಾಯಿಯನ್ನು ಅದರೊಳಗಿಂದ ಹೊರಗೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿದೆ. ಬಾಟಲಿಯ ಕತ್ತಿನ ಹಾಗೆ ಆಯಿತು. ಅದಕ್ಕೆ ಹತ್ತಿಯ ಬಿರಡೆ. ಔಷಧಿ ಅಂಗಡಿಯ ಹತ್ತಿ ನೀರು ಹೀರುತ್ತದೆ, ಅದು ಬೇಡ. ಹಾಸಿಗೆಗೆ ತುಂಬುವ ಹತ್ತಿ ಒಳ್ಳೆಯದು. ಬಿರಡೆಯ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಬೇಕು, ಇಲ್ಲದಿದ್ದರೆ ಕುಕ್ಕರಿನ ಹಬೆಗೆ ಹತ್ತಿ ಒದ್ದೆಯಾಗುತ್ತದೆ. ಒದ್ದೆ ಹತ್ತಿಯಲ್ಲಿ ಬೇಡದ ಬೂಷ್ಟು ಒಳಗೆ ದಾರಿ ಮಾಡಿಕೊಳ್ಳುತ್ತದೆ.

ಎರಡನೇ ಸಲದ ನಾಲ್ಕು ಚೀಲದಲ್ಲಿ ಒಂದೇ ಉಳಿಯಿತು. ಒಂದರಲ್ಲಿ ಕಪ್ಪು, ಎರಡರಲ್ಲಿ ಕಿತ್ತಳೆ ಬಣ್ಣ. ತಪ್ಪು ನನ್ನದೇ. ಸೀಟಿ ಎಣಿಸಿ ಇಪ್ಪತ್ತು ನಿಮಿಷಕ್ಕೆ ಒಲೆ ಆರಿಸಿದ್ದೆ. ಅನ್ನ ಬೇಯಲು ಸೀಟಿ ಸಾಕು, ಬೂಷ್ಟಿನ ಬೀಜ ಸಾಯಲು ಸಾಲದು. ಕುಕ್ಕರಿನ ಪೂರ್ತಿ ಒತ್ತಡದಲ್ಲಿ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಆ ಬಿಸಿ ಅಕ್ಕಿ ಚೀಲದ ನಡುವಿಗೆ ಮುಟ್ಟಲು ಸಮಯ ಬೇಕು. ಮೂರನೇ ಸಲದಿಂದ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 50 ನಿಮಿಷ ಇಟ್ಟೆ. ತಳಕ್ಕೆ ಸ್ಟ್ಯಾಂಡ್, ಒಂದೂವರೆ ಲೀಟರ್ ನೀರು. ನೀರು ಆರಿದರೆ ಕುಕ್ಕರಿಗೇ ಅಪಾಯ, ಹಾಗಾಗಿ ಪಕ್ಕದಿಂದ ಕದಲಬಾರದು. ಒತ್ತಡ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟಬಾರದು. ಅವಸರ ಮಾಡಿದರೆ ಚೀಲ ಉಬ್ಬಿ ಒಡೆಯುತ್ತದೆ. ಈ ಕೆಲಸಕ್ಕೆ ಬೇರೆ ಕುಕ್ಕರ್ ತಂದೆ, 10 ಲೀಟರಿನ ಹಳೆಯದು, ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿಸಿದೆ. ಅಡುಗೆಯ ಪಾತ್ರೆಯಲ್ಲಿ ಇದನ್ನು ಮಾಡಬಾರದು.

ತಾಯಿ ಶಿಲೀಂಧ್ರ ಸೇರಿಸಲು ಒಂದು ಪೆಟ್ಟಿಗೆ ಬೇಕಾಯಿತು. ಬಟ್ಟೆ ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಅಡ್ಡ ಮಲಗಿಸಿ, ಒಂದು ಬದಿಗೆ ಕೈ ಹೋಗುವಷ್ಟು ಎರಡು ತೂತು ಕೊರೆದೆ. ತೂತಿಗೆ ಹಳೆಯ ರೇನ್‌ಕೋಟಿನ ತೋಳು ಅಂಟಿಸಿದೆ. ಗಾಳಿ ಆಡದ ಜಾಗ ಬೇಕು, ಅಷ್ಟೇ. ಫ್ಯಾನ್ ಬಂದ್, ಕಿಟಕಿ ಬಂದ್. ಸ್ಪಿರಿಟ್ ಹಾಕಿ ಒಳಗೆ ಒರೆಸಿ, ಅದು ಪೂರ್ತಿ ಆರಿದ ಮೇಲೆಯೇ ಕೆಲಸ. ಪ್ಲಾಸ್ಟಿಕ್ ಡಬ್ಬಿಯ ಒಳಗೆ ದೀಪ ಇಡಬೇಡಿ, ಸ್ಪಿರಿಟ್ ಆವಿಗೆ ಬೆಂಕಿ ಹಿಡಿಯುತ್ತದೆ. ಕುಕ್ಕರಿನಲ್ಲೇ ಶುದ್ಧ ಮಾಡಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕೊಳವೆಗೆ ಸುರಿದು ಕಲಕಿದೆ. ಬೀಜಕಣಕ್ಕೆ ಎಣ್ಣೆಯ ಹಾಗೆ ನೀರಿನ ಮೇಲೆ ತೇಲುವ ಗುಣ, ಸೋಪು ಇಲ್ಲದೆ ಬೆರೆಯುವುದಿಲ್ಲ. ಹಸಿರು ನೀರಾದ ಮೇಲೆ ಸಿರಿಂಜಿನಲ್ಲಿ ಚೀಲಕ್ಕೆ 5 ಮಿಲಿ ಹಾಕಿ, ಬಿರಡೆ ಮುಚ್ಚಿ, ಚೀಲ ಅಲುಗಿಸಿದೆ.

ಎಪ್ರಿಲ್ ಕೊನೆಯ ಸೆಕೆ ನಿಮಗೆ ಗೊತ್ತೇ ಇದೆ. ಚಾವಡಿಯಲ್ಲಿ 34 ಡಿಗ್ರಿ. ಇದಕ್ಕೆ ಹಿತವಾದದ್ದು 25ರಿಂದ 28. ಮನೆಯಲ್ಲಿ ತಂಪು ಜಾಗ ಹುಡುಕುತ್ತ ಥರ್ಮಾಮೀಟರ್ ಹಿಡಿದು ಎರಡು ದಿನ ತಿರುಗಿದೆ. ಬಡಗು ಬದಿಯ ಉಗ್ರಾಣದಲ್ಲಿ ಮಣ್ಣಿನ ಗೋಡೆ, ಕಾವಿ ನೆಲ. ಅಲ್ಲಿ ನೆಲಕ್ಕೆ ಹತ್ತಿರ 29 ಇತ್ತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಬೆಂಚಿನ ಕೆಳಗೆ ಚೀಲಗಳನ್ನು ಸಾಲಾಗಿ ಇಟ್ಟೆ.

ಮೂರನೇ ದಿನ ಕಾಳುಗಳ ಮೇಲೆ ಬಿಳಿ ನವಿರು ಕಂಡಿತು. ಚೀಲ ಹೊರಗಿನಿಂದ ಒತ್ತಿ ಗಂಟು ಒಡೆದೆ, ಎರಡು ದಿನಕ್ಕೊಮ್ಮೆ ಹಾಗೆ ಮಾಡಬೇಕು. ಎಂಟನೇ ದಿನ ಒಂದು ಮೂಲೆಯಲ್ಲಿ ಹಸಿರು. ಹದಿನೆಂಟನೇ ದಿನಕ್ಕೆ ಎಂಟರಲ್ಲಿ ಏಳು ಚೀಲ ಪೂರ್ತಿ ಹಸಿರು, ಬಿಸಿಲಿಗೆ ಮಾಸಿದ ಪಾಚಿಯ ಬಣ್ಣ. ಬೆಳಿಗ್ಗೆ ಎದ್ದ ಕೂಡಲೇ ಉಗ್ರಾಣಕ್ಕೆ ಓಡುವುದು ಅಭ್ಯಾಸವೇ ಆಗಿಹೋಗಿತ್ತು. ಎಂಟನೆಯ ಚೀಲವೂ ಹಸಿರೇ. ಅದನ್ನು ಎಸೆದೆ, ಯಾಕೆಂದು ಹೇಳಬೇಕು.

ಎಲ್ಲ ಹಸಿರೂ ಒಂದೇ ಅಲ್ಲ. ಆ ಚೀಲ ಮೂರನೇ ದಿನಕ್ಕೇ ಕಡು ಹಸಿರಾಗಿತ್ತು. ಅಷ್ಟು ಬೇಗ ಹಸಿರಾಗುವುದು ಟ್ರೈಕೋಡರ್ಮಾ ಎಂಬ ಬೇರೆ ಶಿಲೀಂಧ್ರ. ಅದು ಬೇರು ಕೊಳೆ ರೋಗ ತಡೆಯಲು ಒಳ್ಳೆಯದು, ಕುರುವಾಯಿಗೆ ಅಲ್ಲ. ಇನ್ನೊಂದು ಇದೆ, ಹಳದಿ ಮಿಶ್ರಿತ ಹಸಿರಿನ ಆಸ್ಪರ್ಜಿಲಸ್. ಇದರ ಕೆಲವು ಬಗೆ ಅಫ್ಲಾಟಾಕ್ಸಿನ್ ಎಂಬ ಕೆಟ್ಟ ವಿಷ ಮಾಡುತ್ತವೆ. ಹಾಗಾಗಿ ಸಂಶಯ ಬಂದ ಚೀಲವನ್ನು ಬಿಚ್ಚಿ ನೋಡುವುದೂ ಬೇಡ, ಮೂಸುವುದಂತೂ ಬೇಡವೇ ಬೇಡ. ಹಾಗೆಯೇ ಕುಕ್ಕರಿಗೆ ಹಾಕಿ ಕೊಂದು ಎಸೆಯಿರಿ. ಮೆಟಾರೈಝಿಯಂ ನಿಧಾನ. ಮೊದಲು ಒಂದು ವಾರ ಬಿಳಿಯಾಗಿಯೇ ಇರುತ್ತದೆ, ಆಮೇಲೆ ಹಸಿರು ತಿರುಗುತ್ತದೆ. ಅವಸರದ ಹಸಿರನ್ನು ನಂಬಬಾರದು. ಒಂದು ಸಲವಾದರೂ ಗೊತ್ತಿದ್ದವರಿಂದ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ನಾನು ಪ್ರತಿ ಬ್ಯಾಚಿನ ಚಿಟಿಕೆ ಅಕ್ಕಿಯನ್ನು ಗೆಳತಿಗೆ ಕಳಿಸಿದೆ.

ಅವಳು ಎಣಿಸಿಯೂ ಕೊಟ್ಟಳು. ಒಂದು ಗ್ರಾಂ ಅಕ್ಕಿಯಲ್ಲಿ ಸುಮಾರು 80 ಕೋಟಿ ಬೀಜಕಣ. ಹತ್ತರಲ್ಲಿ ಒಂಬತ್ತು ಮೊಳಕೆ ಬರುವಂಥವು. ಒಂದು ಘನ ಮೀಟರ್ ಗೊಬ್ಬರಕ್ಕೆ 50,000 ಕೋಟಿ ಬೀಜಕಣ ಎಂಬುದು ಶಿಫಾರಸು. ಭಾಗಿಸಿದರೆ ಘನ ಮೀಟರಿಗೆ 625 ಗ್ರಾಂ ಅಕ್ಕಿ. ನಮ್ಮ ಗುಂಡಿ 3 ಮೀಟರ್ ಉದ್ದ, 2 ಅಗಲ, ಗೊಬ್ಬರ 1 ಮೀಟರ್ ಆಳ. ಒಟ್ಟು ಆರು ಘನ ಮೀಟರ್, ಅಂದರೆ ಮೂರು ಮುಕ್ಕಾಲು ಕಿಲೋ. ಇನ್ನೊಂದು ಬ್ಯಾಚ್ ಮಾಡಿದೆ, ಅದರಲ್ಲೂ ಏಳು ಚೀಲ ಒಳ್ಳೆಯದು ಬಂದವು. ಹದಿನಾಲ್ಕು ಚೀಲ, ನಾಲ್ಕು ಕಿಲೋ ಚಿಲ್ಲರೆ.

ಎರಡನೇ ಬ್ಯಾಚ್ ಬೆಳೆಯುತ್ತಿದ್ದಾಗಲೇ ಬಕೆಟ್ಟಿನಲ್ಲಿ ಒಂದು ಪರೀಕ್ಷೆ ಮಾಡಿದೆ. ಎರಡು ಬಕೆಟ್, ಎರಡಕ್ಕೂ ಒಂದೇ ಗೊಬ್ಬರ, ಹತ್ತು ಹತ್ತು ಹುಳು. ಒಂದಕ್ಕೆ ಒಂದು ಹಿಡಿ ಹಸಿರು ಅಕ್ಕಿ ಬೆರೆಸಿದೆ. ಇನ್ನೊಂದಕ್ಕೆ ಏನೂ ಇಲ್ಲ. ಹುಳು ಆರಿಸುವಾಗ ಒಂದು ಗಮನಿಸಬೇಕು. ಗೊಬ್ಬರದಲ್ಲಿ ಸಿಗುವ ಬಿಳಿ ಹುಳುಗಳೆಲ್ಲ ಕುರುವಾಯಿಯದ್ದಲ್ಲ. ನೆಲದ ಮೇಲೆ ಬಿಟ್ಟಾಗ ಬೆನ್ನ ಮೇಲೆ ಮಲಗಿ ಕಾಲು ಮೇಲೆ ಮಾಡಿ ತೆವಳಿದರೆ ಅದು ಹೂದುಂಬಿಯ ಮರಿ. ಗೊಬ್ಬರ ಕಳಿಯಲು ಅದು ಸಹಾಯ ಮಾಡುತ್ತದೆ, ತೆಂಗಿಗೆ ಅದರಿಂದ ತೊಂದರೆ ಇಲ್ಲ. ಅಂಥವನ್ನು ಬದಿಗೆ ಬಿಟ್ಟೆ.

ಹನ್ನೊಂದು ದಿನ ಏನೂ ಆಗಲಿಲ್ಲ. ಕೈಬಿಡುವ ಯೋಚನೆಯೂ ಬಂತು. ಹನ್ನೆರಡನೇ ದಿನ ಒಂದು ಹುಳು ಮಂದವಾಗಿ ಮೇಲೆ ಬಂದು ಬಿದ್ದಿತ್ತು, ಮರುದಿನ ಸತ್ತಿತು. ಇಪ್ಪತ್ತೆರಡನೇ ದಿನಕ್ಕೆ ಹತ್ತರಲ್ಲಿ ಎಂಟು ಸತ್ತಿದ್ದವು. ಅದರಲ್ಲಿ ಏಳು ಬಿಳಿ ಹಿಟ್ಟಿನ ಮೇಲೆ ಹಸಿರು ಚೆಲ್ಲಿದ ಹಾಗೆ ಗಟ್ಟಿಯಾಗಿದ್ದವು. ಬರೀ ಗೊಬ್ಬರದ ಬಕೆಟ್ಟಿನಲ್ಲಿ ಸತ್ತದ್ದು ಒಂದೇ. ಆ ಗಟ್ಟಿ ಹುಳುವನ್ನು ಅಂಗೈಯಲ್ಲಿ ಇಟ್ಟು ಬಹಳ ಹೊತ್ತು ನೋಡಿದೆ. ಗವಸು ಹಾಕಿಕೊಂಡೇ. ನಮ್ಮ ಮೈಯ ಬಿಸಿಗೆ ಈ ಶಿಲೀಂಧ್ರ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಆದರೂ ಒಣ ಪುಡಿ ಮೂಗಿಗೆ ಹೋದರೆ ಅಲರ್ಜಿ ಆಗಬಹುದು. ಮಾಸ್ಕ್ ಬಿಡಬಾರದು, ಅಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯಬಾರದು.

ಗುಂಡಿಗೆ ಹಾಕಿದ್ದು ಪತ್ತನಾಜೆ (ಮೇ ಕೊನೆಗೆ ಬರುವ ತುಳು ಪರ್ವ) ಕಳೆದ ಮೇಲೆ. ಮಳೆಗೆ ಮೊದಲು, ಸಂಜೆ ಬಿಸಿಲು ಇಳಿದ ಮೇಲೆ. ಯಾವ ರೀತಿ ಒಳ್ಳೆಯದು ಅಂತ ತಿಳಿಯಲು ಗುಂಡಿಯನ್ನು ಎರಡು ಭಾಗ ಮಾಡಿದೆ. ಹಟ್ಟಿಯಿಂದ ದೂರದ ಅರ್ಧಕ್ಕೆ ಗೊಬ್ಬರ ಮಗುಚುತ್ತ ಅಕ್ಕಿಯನ್ನೇ ಪದರ ಪದರವಾಗಿ ಬೆರೆಸಿದೆ. ಹಟ್ಟಿಯ ಬದಿಯ ಅರ್ಧಕ್ಕೆ ಅಕ್ಕಿಯನ್ನು ಸೋಪು ನೀರಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಸೋಸಿ, ಹಸಿರು ನೀರನ್ನು ಬೆನ್ನಿಗೆ ಕಟ್ಟುವ ಪಂಪಿನಲ್ಲಿ ಹೊಡೆದೆ. ಮೇಲೆ ತೆಂಗಿನ ಮಡಲು ಮುಚ್ಚಿದೆ. ನಮ್ಮ ಮಳೆ ನೇರವಾಗಿ ಬಿದ್ದರೆ ಬೀಜಕಣ ಎಲ್ಲ ತೊಳೆದು ತೋಡಿಗೆ ಹೋಗುತ್ತದೆ.

ಇಪ್ಪತ್ತೈದು ದಿನ ಬಿಟ್ಟು ಒಂದೊಂದು ಅರ್ಧದಲ್ಲಿ ನಾಲ್ಕು ಕಡೆ ಒಂದಡಿ ಚೌಕ ಅಗೆದೆ. ಅಕ್ಕಿ ಬೆರೆಸಿದ ಕಡೆ 11 ಹುಳು ಸಿಕ್ಕಿದವು, 7 ಹಸಿರಾಗಿ ಸತ್ತಿದ್ದವು. ಪಂಪಿನಲ್ಲಿ ಹೊಡೆದ ಕಡೆ 13 ಹುಳು, ಸತ್ತದ್ದು 1.

ಎರಡೂ ಕಡೆ ಅದೇ ಹಸಿರು ಅಕ್ಕಿ, ಒಂದೇ ಸಂಜೆ ಹಾಕಿದ್ದು. ಆದರೂ ಇಷ್ಟು ವ್ಯತ್ಯಾಸ ಯಾಕೆ? ರಾತ್ರಿ ಪಂಪನ್ನು ಬಿಚ್ಚಿ ನೋಡಿದೆ. ಬಾಯಿಯ ಜಾಲರಿಯಲ್ಲಿ ತೆಳು ನೀಲಿ ಕರೆ. ಕಳೆದ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆದದ್ದು ಇದೇ ಪಂಪಿನಲ್ಲಿ. ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಅದರಲ್ಲಿ ಇರುವುದು ತಾಮ್ರ. ಅದು ಕೊಲ್ಲುವುದೇ ಶಿಲೀಂಧ್ರ ಮತ್ತು ಅದರಂಥವನ್ನು. ತೊಳೆದಿದ್ದೇನೆ ಅಂದುಕೊಂಡಿದ್ದೆ. ಜಾಲರಿ ಮತ್ತು ರಬ್ಬರ್ ಪೈಪಿನ ಒಳಗೆ ಉಳಿದದ್ದು ಕಂಡಿರಲಿಲ್ಲ. ಪಂಪಿಗೆ ನೀರು ಹಾಕಿ ಕಲಕಿ ಆ ನೀರನ್ನು ಬಾಟಲಿಯಲ್ಲಿ ಗೆಳತಿಗೆ ಕಳಿಸಿದೆ. ಬಾವಿ ನೀರಿನಲ್ಲಿ ನೆನೆಸಿದ ಬೀಜಕಣ ಚೆನ್ನಾಗಿ ಮೊಳಕೆ ಬಂತು. ಪಂಪಿನ ನೀರಿನಲ್ಲಿ ನೆನೆಸಿದ್ದು ಅರ್ಧಕ್ಕಿಂತ ಕಡಿಮೆ.

ಅರ್ಧಕ್ಕಿಂತ ಕಡಿಮೆ ಅಂದರೂ ಪೂರ್ತಿ ಸೊನ್ನೆ ಅಲ್ಲವಲ್ಲ. ಅಷ್ಟರಿಂದಲೇ 13ರಲ್ಲಿ 1 ಆಗುತ್ತದೆಯೇ ಅನ್ನುವ ಅನುಮಾನ ಉಳಿಯಿತು. ಗುಂಡಿಗೆ ಹಿಂತಿರುಗಿ ಕಬ್ಬಿಣದ ಸರಳನ್ನು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದೆ. ದೂರದ ಬದಿಯಲ್ಲಿ ಸರಳು ತಣ್ಣಗಿತ್ತು. ಹಟ್ಟಿಯ ಬದಿಯದ್ದು ಕೈಗೆ ಬಿಸಿ ತಾಗಿತು. ಥರ್ಮಾಮೀಟರ್ ಇಳಿಸಿದರೆ ಒಂದಡಿ ಆಳದಲ್ಲಿ 44 ಡಿಗ್ರಿ. ದಿನವೂ ಹೊಸ ಸಗಣಿ, ಸೊಪ್ಪು ಬೀಳುವುದು ಆ ಬದಿಗೆ. ಹೊಸ ಗೊಬ್ಬರ ಕಳಿಯುವಾಗ 50, 60 ಡಿಗ್ರಿಗೂ ಏರುತ್ತದೆ. 35 ದಾಟಿದರೆ ಮೆಟಾರೈಝಿಯಂ ಬೆಳೆಯುವುದೇ ಕಷ್ಟ. ಹುಳುಗಳೂ ಆ ಬಿಸಿಯ ನಡುವೆ ಇರಲಿಲ್ಲ, ಅಂಚಿನ ತಂಪಿಗೆ ಸರಿದಿದ್ದವು. ಅದನ್ನು ನಾನು ಅಗೆಯುವಾಗ ನೋಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ತಾಮ್ರವೂ ಕಾರಣ, ಬಿಸಿಯೂ ಕಾರಣ.

ರಿಪೇರಿ ಎರಡಕ್ಕೂ ಮಾಡಬೇಕಾಯಿತು. ಶಿಲೀಂಧ್ರಕ್ಕೆಂದೇ ಬೇರೆ ಪಂಪ್ ತಂದು ಹಿಡಿಗೆ ಕೆಂಪು ಟೇಪ್ ಸುತ್ತಿದೆ. ಅಡಿಕೆಗೆ ಔಷಧಿ ಹೊಡೆಯಲು ಬರುವವರಿಗೂ ಹೇಳಿಟ್ಟೆ, ಕೆಂಪು ಟೇಪಿನದ್ದು ಮುಟ್ಟಬೇಡಿ ಅಂತ. ಗುಂಡಿಯ ನಡುವೆ ಹಳೆಯ ಕಲ್ಲು ಜೋಡಿಸಿ ಅಡ್ಡ ಕಟ್ಟಿದೆ. ಈಗ ಹೊಸ ಸಗಣಿ ಒಂದು ಬದಿಗೆ ಮಾತ್ರ. ಅದು ತುಂಬಿ, ಬಿಸಿ ಇಳಿದು, ಸರಳು ತಣ್ಣಗೆ ಬಂದ ಮೇಲೆ ಅಕ್ಕಿ ಬೆರೆಸುವುದು. ಅಷ್ಟರಲ್ಲಿ ಇನ್ನೊಂದು ಬದಿ ತೋಟಕ್ಕೆ ಹೋಗಿ ಖಾಲಿಯಾಗಿರುತ್ತದೆ. ಇನ್ನು ಸಿಂಪಡಣೆ ಬಿಟ್ಟು ಅಕ್ಕಿಯನ್ನೇ ಬೆರೆಸುವುದು ನನಗೆ ಸರಿ ಕಾಣುತ್ತದೆ. ಕೆಲಸ ಸ್ವಲ್ಪ ಜಾಸ್ತಿ, ಆದರೆ ಬೀಜಕಣ ಹುಳು ಇರುವ ಆಳಕ್ಕೇ ಹೋಗುತ್ತದೆ. ಪಂಪು ಈಗ ಬೇಕಾಗುವುದು ಕಡಿದು ಬಿದ್ದ ಮರದ ಕಾಂಡಗಳಿಗೆ.

ಬಿಸಿ ಇಳಿದ ಮೇಲೆ ಹಟ್ಟಿ ಬದಿಯ ಅರ್ಧಕ್ಕೂ ಅಕ್ಕಿ ಬೆರೆಸಿ, ಆಟಿ ತಿಂಗಳ (ಜುಲೈ-ಆಗಸ್ಟ್) ಕೊನೆಗೆ ಅದನ್ನೂ ಅಗೆದೆ. 12 ಹುಳು, 8 ಹಸಿರು. ಎರೆಹುಳುಗಳು ಎಂದಿನ ಹಾಗೇ ಇದ್ದವು.

ಮರದ ಮೇಲೆ ಫಲ ಕಂಡಿತೇ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ತಾಳ್ಮೆ ಬೇಕು. ತೆಂಗು ವರ್ಷಕ್ಕೆ ಹನ್ನೆರಡು ಗರಿ ಬಿಡುತ್ತದೆ ಅಂದುಕೊಂಡರೆ ತಿಂಗಳಿಗೆ ಒಂದು. ಇಂದು ಬಿಚ್ಚಿದ ಗರಿಯಲ್ಲಿ ಕಾಣುವ ಕಡಿತ ತಿಂಗಳುಗಳ ಹಿಂದಿನದ್ದು. ಅಲ್ಲದೆ ದುಂಬಿಗೆ ರೆಕ್ಕೆ ಇದೆ, ಅದು ಬೇಲಿ ನೋಡುವುದಿಲ್ಲ. ನವೆಂಬರಿನಲ್ಲಿ ಎಣಿಸಿದಾಗ ಹೊಸ ಗರಿಯಲ್ಲಿ ಕಡಿತ ಇದ್ದದ್ದು 42ರಲ್ಲಿ 16 ಮರಕ್ಕೆ. ಒಂದು ವರ್ಷದ ಲೆಕ್ಕ ಸಾಲದು ಅಂತ ಗೊತ್ತು. ಎರಡು ಸಸಿಗಳಲ್ಲಿ ಒಂದು ಚೇತರಿಸಿ ನೇರ ಸುಳಿ ಬಿಟ್ಟಿದೆ, ಇನ್ನೊಂದು ಹೋಯಿತು.

ಉಳಿದ ಕಡಿತ ಎಲ್ಲಿಂದ ಅಂತ ಹುಡುಕುತ್ತ ಹೋದರೆ ಪಕ್ಕದ ತೋಟದಲ್ಲಿ ಸಿಡಿಲು ಹೊಡೆದು ಸತ್ತ ಎರಡು ತೆಂಗಿನ ಮರ ನಿಂತಿದ್ದವು. ಸತ್ತ ಕಾಂಡ ಕೊಳೆತು ಕುಂಬಾಗುತ್ತ ಬಂದಾಗ ಅದೂ ಕುರುವಾಯಿಗೆ ತೊಟ್ಟಿಲೇ. ಆ ತೋಟದ ಅಣ್ಣನಿಗೆ ವಿಷಯ ಹೇಳಿದೆ. ಮೊದಲು ಅವರಿಗೆ ನಂಬಿಕೆ ಬರಲಿಲ್ಲ, ಬಕೆಟ್ಟಿನ ಹುಳು ತೋರಿಸಿದೆ. ಒಂದು ಭಾನುವಾರ ಇಬ್ಬರೂ ಸೇರಿ ಮರ ಉರುಳಿಸಿ, ಕಾಂಡ ಸೀಳಿ, ಒಂದನ್ನು ಸುಟ್ಟೆವು. ಇನ್ನೊಂದು ನೀರು ಕುಡಿದು ಒದ್ದೆಯಾಗಿತ್ತು, ಸುಡಲಾಗಲಿಲ್ಲ. ಅದರ ಸೀಳುಗಳಿಗೆ ಕೆಂಪು ಟೇಪಿನ ಪಂಪಿನಿಂದ ಹಸಿರು ನೀರು ಹೊಡೆದು ಮಡಲು ಮುಚ್ಚಿದೆವು.

ಒಂದು ತಿಂಗಳ ಮೇಲೆ ಆ ಅಣ್ಣ ಅಂಗಳಕ್ಕೆ ಬಂದರು. ಕೈಯಲ್ಲಿ ಒಂದು ಗೆರಟೆ, ಮೇಲೆ ಬಾಳೆಲೆ ಮುಚ್ಚಿತ್ತು. "ಇದು ನಿನ್ನದೇ ಅಲ್ವಾ ನೋಡು" ಅಂತ ಎಲೆ ಸರಿಸಿದರು. ಒಳಗೆ ಮೂರು ಹುಳು, ಮೂರೂ ಗಟ್ಟಿ, ಹಸಿರು.

ಅದನ್ನು ಎಸೆಯಲಿಲ್ಲ. ಅಕ್ಕಿಯಿಂದ ಅಕ್ಕಿಗೆ ಮತ್ತೆ ಮತ್ತೆ ದಾಟಿಸುತ್ತ ಹೋದರೆ ಈ ಶಿಲೀಂಧ್ರಕ್ಕೆ ಹುಳು ಕೊಲ್ಲುವ ಕಸುವು ಕಡಿಮೆಯಾಗುತ್ತದೆ. ನಡುನಡುವೆ ಹುಳುವಿನಿಂದಲೇ ಮತ್ತೆ ತೆಗೆದು ಬೆಳೆಸಬೇಕು. ನನ್ನ ತಾಯಿ ಶಿಲೀಂಧ್ರ ಆಗಲೇ ನಾಲ್ಕನೇ ಸಲ ದಾಟಿತ್ತು. ಮೂರರಲ್ಲಿ ಚೆನ್ನಾಗಿ ಹಸಿರಾದ ಒಂದನ್ನು ಆರಿಸಿ, ಸಣ್ಣ ಡಬ್ಬಿಯಲ್ಲಿಟ್ಟು, ಮರುದಿನದ ಮೊದಲ ಬಸ್ಸಿಗೆ ಮಂಗಳೂರಿಗೆ ಹೊರಟೆ.